ನಳಿನಾಕ್ಷಿ ನೋಡಿದ ಸಿನೆಮಾ

ನಡೆಯದ್ದನ್ನು ಯಾರಾದರೂ ನಡೆಯಿತು ಎಂದರೆ ನನ್ನ ಗಂಡನ ಮನೆಯಲ್ಲಿ "ಅದು ನಳಿನಾಕ್ಷಿ ನೋಡಿದ ಸಿನೆಮಾ" ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಯಾವುದೋ ಗಾದೆ ಎಂದುಕೊಂಡಿದ್ದೆ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ನಾನು ಹಟ ಹಿಡಿದಾಗ ನನ್ನ ಗಂಡ ಶ್ರವಣ್ ಹಾಗೆ ಹೇಳಿ ನಕ್ಕಿದ್ದ. ಆಮೇಲೆ ಕಾರ್ಕಳದ ಮನೆಗೆ ಹೋದಾಗ ಗೊತ್ತಾಯಿತು, ನಳಿನಾಕ್ಷಿ ಎನ್ನುವವರು ಇದ್ದಾರೆ, ಚಾವಡಿಯಲ್ಲಿ ಕೂತು ಆ ಮಾತನ್ನು ಅವರೂ ಕೇಳುತ್ತಾರೆ.

ಅವರು ನನ್ನ ಅತ್ತೆ ಸುಗಂಧಿಯ ಚಿಕ್ಕಮ್ಮ. ಈಗ ಎಂಬತ್ತೈದು ವರ್ಷ. ಕಾರ್ಕಳದಲ್ಲಿ ಅಣ್ಣ ದೇವದಾಸರ ಜೊತೆ ಇದ್ದಾರೆ. ದೇವದಾಸರಿಗೆ ಎಂಬತ್ತೊಂಬತ್ತು. ಒಂದು ಕಾಲದಲ್ಲಿ ಅವರದು ಟೂರಿಂಗ್ ಟಾಕೀಸ್ ಇತ್ತು. ಕಾರ್ಕಳ, ನಿಟ್ಟೆ, ಕಾಪು, ಆದಿ ಉಡುಪಿ, ಎಲ್ಲಿ ಮೈದಾನ ಸಿಕ್ಕಿತೋ ಅಲ್ಲಿ ಡೇರೆ ಹಾಕಿ ಸಿನೆಮಾ ತೋರಿಸುತ್ತಿದ್ದರು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಅವರು ತಂದ ಚಿತ್ರ 'ಮೂರೂವರೆ ಜಾತಕ'. ನಗೆಚಿತ್ರ. ಹೆಚ್ಚು ಓಡಲಿಲ್ಲ. ಈಗ ಯಾರಿಗೂ ನೆನಪಿಲ್ಲ. ರಂಗತ್ತೆ ಎಂಬ ವಿಧವೆ ತನ್ನ ಅಣ್ಣನ ಮೂವರು ಹೆಣ್ಣುಮಕ್ಕಳಿಗೆ ಗಂಡು ಹುಡುಕುವ ಕಥೆ. ಜಾತಕಗಳು ಅದಲು ಬದಲಾಗುತ್ತವೆ, ಒಬ್ಬಳನ್ನು ನೋಡಲು ಬಂದವನು ಇನ್ನೊಬ್ಬಳನ್ನು ಮೆಚ್ಚುತ್ತಾನೆ, ಕೊನೆಗೆ ಮೂರು ಮದುವೆ ಆಗುತ್ತವೆ. ಶುಭಂ.

ನಳಿನಾಕ್ಷಿ ಹೇಳುವುದು ಬೇರೆ. ಮೂರು ಮದುವೆಯ ಮೇಲೆ ಇನ್ನೊಂದು ದೃಶ್ಯ ಉಂಟು. ಊಟ ಮುಗಿದ ಚಪ್ಪರದಲ್ಲಿ ರಂಗತ್ತೆ ಒಬ್ಬಳೇ ಕೂತಿರುತ್ತಾಳೆ. ಜಾತಕ ಬರೆಯುವ ಗುಮಾಸ್ತ ಬರುತ್ತಾನೆ. ಇವಳು ಹೇಳುತ್ತಾಳೆ, "ಮೂರು ಮದುವೆ ಮಾಡಿಸಿದೆ ಗುಮಾಸ್ತರೇ, ಊಟಕ್ಕೆ ಕೂರಿ ಅಂತ ಒಬ್ಬರೂ ಕರೆಯಲಿಲ್ಲ." ಅವನು ಹೇಳುತ್ತಾನೆ, "ಎಲೆ ಹಾಕಿ. ನಾನೂ ಉಂಡಿಲ್ಲ." ಆಮೇಲೆ ಅವರಿಬ್ಬರ ಮದುವೆ.

ಇದನ್ನು ಅವರು ಮೊದಲ ದಿನದ ಆಟದಲ್ಲಿ ನೋಡಿದ್ದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ, ಗಂಡ ತೀರಿಹೋಗಿ ವರ್ಷವಾಗಿತ್ತು. ಮನೆಯ ಉಳಿದವರು ಮರುದಿನ ಹೋದರು. ಅಂತಹ ದೃಶ್ಯ ಇರಲಿಲ್ಲ ಎಂದರು. ಮೂರನೆಯ ದಿನ ನಳಿನಾಕ್ಷಿ ಇನ್ನೊಮ್ಮೆ ಹೋದರು. ಇರಲಿಲ್ಲ. ಮೊದಲ ದಿನದ ಆಟ ನೋಡಿದ ಊರವರನ್ನು ಮನೆಯವರು ಕೇಳಲು ಹೋಗಲಿಲ್ಲ. ಗಾದೆ ಹುಟ್ಟಿದ್ದು ಹಾಗೆ.

ಶ್ರವಣ್ ತೀರಿಕೊಂಡ ಮೂರನೆಯ ವಾರ, ಕಾಪುವಿನ ನಮ್ಮ ಮನೆಯಂಗಳದಲ್ಲಿ ಅವನ ಬೈಕು ನಿಂತ ಸದ್ದಾಯಿತು ಎಂದು ನಾನು ಹೇಳಿದೆ. ಒಳಗಿನಿಂದ ಯಾರೋ "ನಳಿನಾಕ್ಷಿ ನೋಡಿದ..." ಎಂದು ಸುರು ಮಾಡಿ ನಿಲ್ಲಿಸಿದರು. ಆ ಮೇಲೆ ನಾನು ಸದ್ದಿನ ವಿಷಯ ಹೇಳಲಿಲ್ಲ. ಈಗ ಹದಿನಾರು ತಿಂಗಳಾಯಿತು.

ಹೋದ ತಿಂಗಳು ನಳಿನಾಕ್ಷಿಯವರನ್ನು ಮಣಿಪಾಲದಲ್ಲಿ ನೆನಪಿನ ಡಾಕ್ಟರಿಗೆ ತೋರಿಸಿದೆವು. ಮೂರು ಸಲ ಒಲೆ ಆರಿಸದೆ ಬಂದಿದ್ದರು, ಒಮ್ಮೆ ಸ್ವಂತ ಗೇಟಿನ ಹೊರಗೆ ನಿಂತು ಇದು ಯಾರ ಮನೆ ಎಂದು ಕೇಳಿದ್ದರು. ನಾನು ಮಣಿಪಾಲದಲ್ಲೇ ಕೆಲಸ ಮಾಡುವವಳಾದ್ದರಿಂದ ಜೊತೆಗೆ ಹೋದೆ.

ಡಾಕ್ಟರು ಕೇಳಿದರು, "ಇಲ್ಲದ್ದು ಕಾಣುವುದು, ಕೇಳುವುದು ಅಂತ ಏನಾದರೂ ಉಂಟಾ?"

"ಉಂಟು ಡಾಕ್ಟ್ರೇ," ಎಂದರು ದೇವದಾಸಜ್ಜ. "ಅದು ಈಗಿನದ್ದಲ್ಲ. ಅರವತ್ತು ವರ್ಷದಿಂದ ಉಂಟು." ಸಿನೆಮಾದ ಕಥೆ ಹೇಳಿದರು. ಡಾಕ್ಟರು ಬರೆದುಕೊಂಡರು. ಪೆನ್ನು ಸಾಕಷ್ಟು ಹೊತ್ತು ಓಡಿತು.

ನಳಿನಜ್ಜಿ ಆ ಪೆನ್ನನ್ನೇ ನೋಡುತ್ತಿದ್ದರು. "ಇರಬಹುದು," ಎಂದರು. ಡಾಕ್ಟರು ಅದನ್ನೂ ಕೆಳಗೆ ಒಂದು ಸಾಲಿನಲ್ಲಿ ಬರೆದರು.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಇದ್ದೆವು. ಮುಂದೆ ದೇವದಾಸಜ್ಜನಿಗೆ ನಿದ್ದೆ. ಅವರು ನನ್ನ ಕೈ ಹಿಡಿದು ಸಣ್ಣ ಸ್ವರದಲ್ಲಿ ಹೇಳಿದರು.

"ನಿನ್ನ ಕೆಲಸ ಹಳೆಯ ಫಿಲ್ಮು ನೋಡುವುದಲ್ವಾ?"

"ಹೌದಜ್ಜಿ." ನಮ್ಮದು ಸಣ್ಣ ಸ್ಟುಡಿಯೊ. ಹಳೆಯ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತೇವೆ.

"ಅಣ್ಣನ ಡಬ್ಬಿಗಳು ಅಟ್ಟದಲ್ಲಿ ಉಂಟು. ಸಿನೆಮಾ ಕೊಟ್ಟ ಕಂಪೆನಿ ಮುಳುಗಿತು, ವಾಪಸು ಕೇಳುವವರೇ ಇರಲಿಲ್ಲ. ನೀನು ನೋಡು. ಇಲ್ಲದಿದ್ದರೆ ಇಲ್ಲ ಎಂದು ನನಗೆ ಹೇಳು. ಮತ್ತೆ ನಾನು ಬಾಯಿ ತೆರೆಯುವುದಿಲ್ಲ." ಕೈ ಬಿಡದೆ, "ಬೇಗ ನೋಡು. ನಾನು ಇರುವಾಗ ನೋಡು," ಎಂದರು. ಅವರು ಸಾಯುವುದರ ಬಗ್ಗೆ ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ದೇವದಾಸಜ್ಜ ಡಬ್ಬಿಗಳನ್ನು ಕೂಡಲೇ ಕೊಟ್ಟರು. ನನಗೆ ಆಶ್ಚರ್ಯವಾಯಿತು. "ಕೊಂಡು ಹೋಗು ಮಗಾ. ಕಂಪ್ಯೂಟರಿಗೆ ಹಾಕು. ಒಂದು ಭಾನುವಾರ ಎಲ್ಲರೂ ಕೂತು ನೋಡುವ. ಇವಳೂ ಕಣ್ಣಾರೆ ನೋಡಲಿ. ಇಲ್ಲ ಎಂದು ಗೊತ್ತಾದರೆ ಆ ಹುಚ್ಚು ಬಿಟ್ಟುಹೋಗುತ್ತದೆ."

ಹನ್ನೊಂದು ಡಬ್ಬಿ. ಮುಚ್ಚಳ ತೆಗೆದಾಗ ವಿನೆಗರಿನ ವಾಸನೆ. ಫಿಲ್ಮು ಕೊಳೆಯುವಾಗ ಹಾಗೆ ಬರುತ್ತದೆ. ಹತ್ತರಲ್ಲಿ ಸಿನೆಮಾ. ಹನ್ನೊಂದನೆಯದು ಕೋಳಿ ಸಾಕಣೆಯ ಬಗ್ಗೆ ಸರ್ಕಾರದ ಸಾಕ್ಷ್ಯಚಿತ್ರ. ಆಗ ಪ್ರತಿ ಆಟಕ್ಕೆ ಮೊದಲು ಇಂತಹದೊಂದನ್ನು ಹಾಕಲೇಬೇಕಿತ್ತು. ಅದನ್ನು ಬದಿಗಿಟ್ಟೆ. ಕೊಳೆಯುವ ಮೊದಲು ಉಳಿದದ್ದನ್ನು ಮುಗಿಸಬೇಕಿತ್ತು.

ಒಂಬತ್ತು ದಿನ ಹಿಡಿಯಿತು. ನನ್ನ ಜೊತೆ ಕೆಲಸ ಮಾಡುವ ಶೆಲ್ಡನ್ ಸ್ಕ್ಯಾನರ್ ನೋಡಿಕೊಂಡ, ನಾನು ಚಿತ್ರದ ಕಲೆ, ಗೀರು ತೆಗೆದೆ. ಚಿತ್ರ ಚೆನ್ನಾಗಿಯೇ ಇತ್ತು. ಎರಡು ಸಲ ಶೆಲ್ಡನ್ ಗಟ್ಟಿಯಾಗಿ ನಕ್ಕ. ನಾನು ಎಲ್ಲಿ ನಗಬೇಕು ಎಂದು ಗುರುತು ಮಾಡಿಕೊಂಡೆ.

"ಅಲ್ಲ ಆಶ್ರಿತಾ," ಎಂದ ಶೆಲ್ಡನ್, "ಇರುವುದು ಮೂರೇ ಜಾತಕ. ಹೆಸರಿನಲ್ಲಿ ಅರ್ಧ ಎಲ್ಲಿಂದ ಬಂತು ಮಾರಾಯ್ತಿ?"

ಹತ್ತನೆಯ ಡಬ್ಬಿಯಲ್ಲಿ, ಮೂರನೆಯ ಮದುವೆ ಮುಗಿದ ಮೇಲೆ, ಫಿಲ್ಮನ್ನು ಕತ್ತರಿಸಿ ಜೋಡಿಸಿದ ಒಂದು ಅಂಟು ಇತ್ತು. ಬಹಳ ಅಚ್ಚುಕಟ್ಟಾದ ಅಂಟು. ಅದರ ಆಚೆ ನೇರ 'ಶುಭಂ' ಎಂಬ ಬರಹ. ನಾನು ಹೆಡ್‌ಫೋನು ಹಾಕಿ ಕೇಳಿದೆ.

ಈ ಬಗೆಯ ಫಿಲ್ಮಿನಲ್ಲಿ ಒಂದು ವಿಷಯ ಉಂಟು. ಚಿತ್ರ ಮತ್ತು ಅದರ ಸ್ವರ ಒಂದೇ ಜಾಗದಲ್ಲಿ ಇರುವುದಿಲ್ಲ. ಸ್ವರ ಸುಮಾರು ಒಂದು ಸೆಕೆಂಡಿನಷ್ಟು ಮುಂದೆ ಇರುತ್ತದೆ. ಹಾಗಾಗಿ ಯಾರಾದರೂ ಒಂದು ದೃಶ್ಯವನ್ನು ಕತ್ತರಿಸಿ ತೆಗೆದರೆ, ಅದರ ಮೊದಲ ಒಂದು ಸೆಕೆಂಡಿನ ಸ್ವರ ಹಿಂದಿನ ತುಂಡಿನಲ್ಲೇ ಉಳಿದುಬಿಡುತ್ತದೆ, ಮುಂದೆ ಅಂಟಿಸಿದ ಚಿತ್ರದ ಮೇಲೆ ಕೇಳುತ್ತದೆ.

'ಶುಭಂ' ಎಂಬ ಅಕ್ಷರಗಳ ಮೇಲೆ ಒಂದು ಹೆಂಗಸಿನ ಸ್ವರ ಇತ್ತು. ಎರಡೇ ಶಬ್ದ.

"ಮೂರು ಮದುವೆ..."

ಹನ್ನೆರಡು ಸಲ ಕೇಳಿದೆ. ಹೆಡ್‌ಫೋನು ತೆಗೆದಿಟ್ಟು ಕೈ ತೊಳೆದು ಬಂದು ಇನ್ನೊಮ್ಮೆ ಕೇಳಿದೆ.

ಮರುದಿನ ಗುರುವಾರ. ರಜೆ ಹಾಕಿ ಕಾರ್ಕಳಕ್ಕೆ ಹೋದೆ. ದೇವದಾಸಜ್ಜ ಚಾವಡಿಯಲ್ಲಿ ಪೇಪರು ಓದುತ್ತಿದ್ದರು. ನಾನು ಸುತ್ತು ಬಳಸಲಿಲ್ಲ. ಹತ್ತನೆಯ ಡಬ್ಬಿಯಲ್ಲಿ ಒಂದು ತುಂಡು ಕತ್ತರಿಸಿದ್ದಾರೆ ಅಜ್ಜ, ಎಂದೆ.

ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಒಳಗಿನ ಬಾಗಿಲ ಕಡೆ ನೋಡಿದರು.

"ಅವಳಿಗೆ ಹೇಳಿದೆಯಾ?"

"ಇಲ್ಲ."

"ಕೂತುಕೋ."

ಕೂತೆ.

"ಇಮ್ಯಾನುಯೆಲ್ ಅಂತ ಇದ್ದ. ನನ್ನ ಮೆಷಿನ್ ಆಪರೇಟರು. ಕಾಪುವಿನವನು. ಒಳ್ಳೆಯ ಕೆಲಸಗಾರ. ಮೊದಲ ದಿನದ ಆಟ ಮುಗಿಸಿ ಇವಳು ಮನೆಗೆ ಬಂದು ನನ್ನೆದುರು ನಿಂತು ಹೇಳಿದಳು, ಅಣ್ಣ, ನಮ್ಮಲ್ಲಿ ಬುಡುದಾರೆ ಉಂಟಲ್ಲ, ನಾನು ಅವನನ್ನು ಮಾಡಿಕೊಳ್ಳುತ್ತೇನೆ ಎಂದು." ಬುಡುದಾರೆ ಎಂದರೆ ನಮ್ಮವರಲ್ಲಿ ವಿಧವೆಗೆ ಎರಡನೆಯ ಸಲ ಎರೆಯುವ ಧಾರೆ. "ಬುಡುದಾರೆ ನಮ್ಮಲ್ಲಿ ಹಿಂದಿನಿಂದ ಉಂಟು. ನಮ್ಮವನೇ ಆಗಿದ್ದರೆ ಮುಂದೆ ನಿಂತು ನಾನೇ ಮಾಡಿಸುತ್ತಿದ್ದೆ. ಅವನು ಇಗರ್ಜಿಗೆ ಹೋಗುವವ. ಊರು ಬಿಡುತ್ತಿತ್ತಾ?"

"ಅದಕ್ಕೆ ಸಿನೆಮಾ ಕತ್ತರಿಸಿದಿರಾ?"

"ಅದನ್ನು ನೋಡಿ ತಾನೇ ಅವಳಿಗೆ ಧೈರ್ಯ ಬಂದದ್ದು? ಅವನ ಕೈಯಲ್ಲೇ ಕತ್ತರಿ ಹಾಕಿಸಿದೆ. ಒಲೆಗೆ ಹಾಕು ಎಂದೆ. ಹಾಕಿದೆ ಎಂದ. ಆ ವಾರವೇ ಲೆಕ್ಕ ತೀರಿಸಿ ಕಳಿಸಿದೆ. ಬೊಂಬಾಯಿಗೆ ಹೋದನಂತೆ. ಅಲ್ಲೇ ತೀರಿಹೋದ."

"ಇಲ್ಲದ್ದನ್ನು ಕಂಡಳು ಎಂದು ಡಾಕ್ಟರಿಗೆ ಬರೆಸಿದಿರಲ್ಲ ಅಜ್ಜ."

ಅವರು ಪೇಪರನ್ನು ಬದಿಗಿಟ್ಟು, "ಒಂದು ಸಲ ಇಲ್ಲ ಎಂದೆ. ಮತ್ತೆ ಉಂಟು ಎನ್ನುವುದು ಹೇಗೆ? ಹತ್ತು ವರ್ಷ ಕಳೆಯಿತು, ಇಪ್ಪತ್ತು ಕಳೆಯಿತು," ಎಂದರು. "ಈಗ ಹೇಳಿದರೆ ಅವಳು ನಂಬುತ್ತಾಳಾ? ತುಂಡು ಬೂದಿಯಾಗಿ ಹೋಗಿದೆ. ಎಂತ ತೋರಿಸುತ್ತೀ? ಭಾನುವಾರ ಸಿನೆಮಾ ಹಾಕು. ನೋಡಲಿ. ನೆಮ್ಮದಿಯಲ್ಲಿ ಇರಲಿ."

ನಾನು ಏಳುವಾಗ ಅವರ ಸ್ವರ ಬದಲಾಯಿತು. "ನಿನ್ನ ವಿಷಯ ಸುಗಂಧಿಯ ಹತ್ತಿರ ಮಾತಾಡಿದ್ದೇನೆ. ನಿಟ್ಟೆಯಲ್ಲಿ ತಿಲಕ್ ಅಂತ, ಕಾಲೇಜಿನಲ್ಲಿ ಕೆಲಸ. ಹೆಂಡತಿ ಹೋಗಿ ಎರಡು ವರ್ಷ. ನಮ್ಮವನೇ. ಈ ಮನೆಯಲ್ಲಿ ಇನ್ನೊಬ್ಬಳು ಹಾಗೆ ಕೂರುವುದು ಬೇಡ ಮಗಾ."

ಅವರು ಲಂಚ ಕೊಡುತ್ತಿದ್ದಾರೆ ಎಂದು ಮೊದಲು ಎನಿಸಿತು. ಮುಖ ನೋಡಿದೆ. ಹಾಗಿರಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ನಾನು ಯೋಚಿಸಿಲ್ಲ ಅಜ್ಜ," ಎಂದೆ.

ನಳಿನಜ್ಜಿ ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದರು. ಅವರಿಗೆ ಅಲ್ಲೇ ಹೇಳಿಬಿಡಬೇಕು ಎಂದುಕೊಂಡು ಹೋದೆ. ಅವರು ನನ್ನನ್ನು ನೋಡಿ, "ಬೇಬಿ, ಶಾಲೆಗೆ ಹೋಗಲಿಲ್ಲವಾ?" ಎಂದರು. ಬೇಬಿ ಯಾರು ಎಂದು ನನಗೆ ತಿಳಿಯದು.

"ಆಶ್ರಿತಾ ಅಜ್ಜಿ. ಶ್ರವಣನ..."

"ಕೋಳಿಯನ್ನು ಪೂರ್ತಿ ನೋಡಬೇಕಂತೆ," ಎಂದರು.

"ಎಂತ ಅಜ್ಜಿ?"

"ಕೋಳಿ. ಪೂರ್ತಿ ನೋಡಿ ಎಂದ. ತಮಾಷೆ ಅವನದ್ದು. ನಾನು ಎಂತ ಕೇಳಿದರೆ ಅವನು ಎಂತ ಹೇಳುತ್ತಾನೆ!" ಅವರು ಕೋಪದಲ್ಲಿ ಇದ್ದರು. ಕಣ್ಣಲ್ಲಿ ನೀರಿತ್ತು. "ಅಣ್ಣ ಅಲ್ಲೇ ನಿಂತಿದ್ದಾನೆ. ಹೇಗೆ ಕೇಳುವುದು ಮತ್ತೆ?"

ಬಸ್ಸಿನಲ್ಲಿ ಉಡುಪಿಯವರೆಗೆ ಆ ಮಾತು ತಲೆಯಲ್ಲಿ ಕೂತಿತ್ತು. ಆ ಮನೆಯಲ್ಲಿ ಕೋಳಿ ಸಾಕಿದವರಿಲ್ಲ. ಮಣಿಪಾಲದ ಬಸ್ಸು ಹತ್ತುವಾಗ ಹನ್ನೊಂದನೆಯ ಡಬ್ಬಿ ನೆನಪಾಯಿತು.

ಶೆಲ್ಡನ್ ಹೊರಡಲು ಬ್ಯಾಗು ಹೆಗಲಿಗೆ ಹಾಕಿದ್ದ. "ಕೋಳಿಯನ್ನು ಯಾರು ನೋಡುತ್ತಾರೆ?" ಎಂದ.

"ಪೂರ್ತಿ ಹಾಕು. ಕೊನೆಯವರೆಗೆ."

ಸಾಕ್ಷ್ಯಚಿತ್ರ ಹತ್ತು ನಿಮಿಷದ್ದು. ಡೇರೆಯವರು ಯಾರೂ ಅದನ್ನು ಪೂರ್ತಿ ಹಾಕುತ್ತಿರಲಿಲ್ಲ, ಇದನ್ನು ದೇವದಾಸಜ್ಜನೇ ಎಷ್ಟೋ ಸಲ ನಗುತ್ತಾ ಹೇಳಿದ್ದಾರೆ. ಎರಡು ನಿಮಿಷ ಓಡಿಸಿ ಅವರು ಎರಡು ಬೆರಳು ಎತ್ತುವುದು, ಆಪರೇಟರು ನಿಲ್ಲಿಸುವುದು. ಹಾಕಿದಂತೆಯೂ ಆಯಿತು, ಜನ ಸಿಳ್ಳೆ ಹೊಡೆಯುವುದೂ ತಪ್ಪಿತು. ಎರಡನೆಯ ನಿಮಿಷದಲ್ಲಿ ಹಳೆಯ ಗೀರುಗಳು ನಿಂತವು. ಅಲ್ಲಿಂದ ಮುಂದೆ ಫಿಲ್ಮು ಹೊಸದರಂತಿತ್ತು. ಮೊಟ್ಟೆಗಳು, ಗೂಡುಗಳು, ಬಿಳಿ ಟೋಪಿಯ ಅಧಿಕಾರಿ. ಕಪ್ಪು. ಒಂದು ಅಂಟು, ಅದೇ ಅಚ್ಚುಕಟ್ಟಿನದ್ದು.

ಆಮೇಲೆ ಖಾಲಿ ಚಪ್ಪರ.

ಶೆಲ್ಡನ್ ಬ್ಯಾಗು ಕೆಳಗಿಟ್ಟ.

ಮರುದಿನ ಶುಕ್ರವಾರವೇ ಕಾರ್ಕಳಕ್ಕೆ ಹೋಗಿ ಹೇಳಬಹುದಿತ್ತಲ್ಲ ಎಂದು ಆಮೇಲೆ ಅತ್ತೆ ಕೇಳಿದರು. ಹೇಳಿದ್ದರೆ ಅದೂ ನಳಿನಾಕ್ಷಿ ನೋಡಿದ ಸಿನೆಮಾ ಆಗುತ್ತಿತ್ತು. ನಳಿನಜ್ಜಿ ಮರೆಯುತ್ತಿದ್ದರು, ಉಳಿದವರು ನಂಬುತ್ತಿರಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನೋಡಬೇಕಿತ್ತು. ಅದನ್ನು ದೇವದಾಸಜ್ಜನೇ ಏರ್ಪಾಡು ಮಾಡಿದ್ದರು.

ಶನಿವಾರ ಅವರ ಫೋನು ಬಂತು.

"ಎಲ್ಲ ಸರಿ ಉಂಟಲ್ಲ? ಹೊಸತು ಎಂತದೂ ಸೇರಿಸುವುದಿಲ್ಲವಲ್ಲ?"

"ಡಬ್ಬಿಯಲ್ಲಿ ಇದ್ದದ್ದೇ ಅಜ್ಜ. ಇದ್ದ ಹಾಗೇ ಹಾಕುತ್ತೇನೆ."

"ಆಯಿತು ಮಗಾ."

ಭಾನುವಾರ ಬೆಳಿಗ್ಗೆ ಅತ್ತೆಯ ಫೋನು. ಚಿಕ್ಕಮ್ಮನನ್ನು ಕರೆತರಲೆಂದು ಅವರು ಹಿಂದಿನ ದಿನವೇ ಕಾರ್ಕಳಕ್ಕೆ ಹೋಗಿದ್ದರು. "ಆಶ್ರಿತಾ, ಇವತ್ತು ಸರಿ ಇಲ್ಲ. ನನ್ನನ್ನು ಅಮ್ಮ ಎಂದು ಕರೆಯುತ್ತಿದ್ದಾರೆ. ಸೀರೆ ಉಡಲಿಕ್ಕೂ ಬಿಡುವುದಿಲ್ಲ. ಮುಂದಿನ ವಾರ ಮಾಡುವನಾ?"

ಮುಂದಿನ ವಾರ ಇದಕ್ಕಿಂತ ಒಳ್ಳೆಯದಿರುತ್ತದೆ ಎಂದು ಹೇಳುವವರು ಯಾರು? ನಾನು ಎಂತದೂ ಹೇಳುವ ಮೊದಲು ಹಿಂದಿನಿಂದ ದೇವದಾಸಜ್ಜನ ಸ್ವರ ಕೇಳಿತು. "ಮುಂದಿನ ವಾರ ಬೇಡ. ಇವತ್ತೇ ಮುಗಿಯಲಿ."

ಸಂಜೆ ನಾಲ್ಕಕ್ಕೆ ಬಂದರು. ಸ್ಟುಡಿಯೊದ ಸಣ್ಣ ಹಾಲಿನಲ್ಲಿ ಹದಿನೈದು ಕುರ್ಚಿ. ಮನೆಯವರು ಒಂಬತ್ತು ಮಂದಿ, ಶ್ರವಣನ ತಮ್ಮ ರಿತೇಶ್ ಕೂಡ. ಬಂದವನೇ, "ಅಜ್ಜಿ, ಇವತ್ತು ನಿಮ್ಮ ಸಿನೆಮಾ!" ಎಂದ. ಎಲ್ಲರೂ ನಕ್ಕರು. ನಳಿನಜ್ಜಿಯೂ ನಕ್ಕರು, ಎಲ್ಲರೂ ನಕ್ಕದ್ದಕ್ಕೆ. ಅವರ ಕುಪ್ಪಸದ ಗುಂಡಿ ತಪ್ಪಿ ಹಾಕಿತ್ತು. ಮುಂದಿನ ಸಾಲಿನಲ್ಲಿ ಅಣ್ಣನ ಪಕ್ಕ ಕೂರಿಸಿದೆ. ಗುಂಡಿ ಸರಿ ಮಾಡಿದೆ. ಅವರು ನನ್ನ ಮುಖವನ್ನು ಬಸ್ಸಿನಲ್ಲಿ ಎದುರು ಕೂತವರ ಮುಖದಂತೆ ನೋಡಿದರು.

ಹದಿನಾರು ತಿಂಗಳಲ್ಲಿ ಮೊದಲ ಸಲ ನನಗೆ ಹೆದರಿಕೆಯಾಗುತ್ತಿತ್ತು. ಅವರಿಗೆ ಗೊತ್ತಾಗದೇ ಹೋದರೆ?

ದೀಪ ಆರಿಸಿದೆ.

ಪರದೆಯ ಮೇಲೆ ಕೋಳಿ ಬಂದಾಗ ದೇವದಾಸಜ್ಜನಿಗೆ ಖುಷಿಯಾಯಿತು. "ನೋಡು, ಹಳೆಯ ಕ್ರಮದಲ್ಲೇ ಹಾಕಿದ್ದಾಳೆ," ಎಂದು ಹಿಂದೆ ತಿರುಗಿ ಎಲ್ಲರಿಗೂ ಹೇಳಿದರು. ರಿತೇಶ್ ಕೋಳಿ ಕೂಗಿದ. ಎರಡು ನಿಮಿಷವಾಯಿತು. ಬೆಳಕಿನಲ್ಲಿ ದೇವದಾಸಜ್ಜನ ಕೈ ಮೇಲೆ ಹೋಯಿತು. ಎರಡು ಬೆರಳು.

ನಾನು ನಿಲ್ಲಿಸಲಿಲ್ಲ.

ಬೆರಳು ಹಾಗೇ ಇತ್ತು. ಆಮೇಲೆ ಇಳಿಯಿತು. ಮೂರನೆಯ ನಿಮಿಷ. "ಸಾಕು ಮಗಾ," ಎಂದರು. ಐದನೆಯ ನಿಮಿಷದಲ್ಲಿ ಯಾರೋ ಆಕಳಿಸಿದರು. "ಆಶ್ರಿತಾ, ಸಾಕಲ್ಲ, ಇದನ್ನು ನಾವು ಪೂರ್ತಿ ಹಾಕುವ ಕ್ರಮ ಇಲ್ಲ." ಏಳು. ಅವರು ಕುರ್ಚಿಯಲ್ಲಿ ಅರ್ಧ ತಿರುಗಿ ನನ್ನನ್ನು ನೋಡತೊಡಗಿದರು. ಆ ಕತ್ತಲೆಯಲ್ಲಿ ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ನನಗೆ ಅವರದು ಕಾಣುತ್ತಿತ್ತು. ಅವರಿಗೆ ಅರ್ಥವಾಗಲು ಸುರುವಾಗಿತ್ತು. "ಇಮ್ಯಾನುಯೆಲ್..." ಎಂದು ತಮ್ಮಷ್ಟಕ್ಕೆ ಎಂದದ್ದು ಕೇಳಿತು. ಎಂಟು. ಬಿಳಿ ಟೋಪಿಯ ಅಧಿಕಾರಿ. ನಳಿನಜ್ಜಿ ತಮ್ಮ ಸೆರಗಿನ ದಾರ ಎಳೆಯುತ್ತಿದ್ದರು. ಪರದೆ ನೋಡುತ್ತಲೇ ಇರಲಿಲ್ಲ.

ಪರದೆ ಕಪ್ಪಾಯಿತು. ಅತ್ತೆ, "ಸದ್ಯ, ಮುಗಿಯಿತು," ಎಂದರು.

ಖಾಲಿ ಚಪ್ಪರ ಬಂತು. ಉಂಡೆದ್ದ ಎಲೆಗಳು. ಕಂಬಕ್ಕೆ ಒರಗಿ ಕೂತ ರಂಗತ್ತೆ. ಅವಳ ಬಾಯಿ ಆಡಿತು, ಸ್ವರ ಬರಲಿಲ್ಲ. ಆ ಒಂದು ಸೆಕೆಂಡಿನ ಸ್ವರ ಹತ್ತನೆಯ ಡಬ್ಬಿಯಲ್ಲಿ ಉಳಿದಿತ್ತು. ಅದನ್ನು ತಂದು ಜೋಡಿಸಬಹುದಿತ್ತು. ಇದ್ದ ಹಾಗೇ ಹಾಕುತ್ತೇನೆ ಎಂದಿದ್ದೆ, ಜೋಡಿಸಿರಲಿಲ್ಲ.

"ಮೂರು ಮದುವೆ," ಎಂದರು ನಳಿನಜ್ಜಿ.

"...ಮಾಡಿಸಿದೆ ಗುಮಾಸ್ತರೇ," ಎಂದಳು ಪರದೆಯ ಮೇಲಿನವಳು, "ಊಟಕ್ಕೆ ಕೂರಿ ಅಂತ ಒಬ್ಬರೂ ಕರೆಯಲಿಲ್ಲ."

ಗುಮಾಸ್ತ ಎಲೆ ಹಾಕಿ ಎಂದ. ಪಕ್ಕದಲ್ಲಿ ಕೂತ. ಚೀಲದಿಂದ ಒಂದು ಹರಿದ ಕಾಗದ ತೆಗೆದ. ಗಂಡ ಸತ್ತ ದಿನ ಅವಳೇ ಹರಿದೆಸೆದ ಅವಳ ಜಾತಕದ ಅರ್ಧ, ಅವನು ಎತ್ತಿಟ್ಟುಕೊಂಡದ್ದು. ಇನ್ನರ್ಧ ಇಲ್ಲದೆ ಕೂಡಿ ಬರುತ್ತದಾ ಎಂದು ಅವಳು ಕೇಳಿದಳು. ಮೂರು ಪೂರ್ತಿ ಜಾತಕಗಳ ಗಲಾಟೆ ನೋಡಿದೆನಲ್ಲ, ಅರ್ಧವೇ ಸಾಕು ಎಂದ. ನಳಿನಜ್ಜಿ ಗಟ್ಟಿಯಾಗಿ ನಕ್ಕರು. ಅಲ್ಲಿ ನಗಬೇಕೆಂದು ನಾನು ಗುರುತು ಮಾಡಿಕೊಂಡಿದ್ದ ಜಾಗದಲ್ಲೇ.

ನಾಲ್ಕು ನಿಮಿಷ. ಆಮೇಲೆ ಬಿಳಿ.

ದೇವದಾಸಜ್ಜ ಎದ್ದು ನಿಂತಿದ್ದರು. ಅವರ ನೆರಳು ಪರದೆಯ ಮೇಲೆ ಬಿದ್ದಿತ್ತು. "ಸುಟ್ಟೆ ಎಂದಿದ್ದ," ಎಂದರು. ಯಾರೂ ಕೇಳಿರಲಿಲ್ಲ, ಅವರೇ ಎಲ್ಲರೆದುರು ಹೇಳಿದರು. "ನನಗೆ ಸುಟ್ಟೆ ಎಂದೇ ಹೇಳಿದ್ದ ಅವನು."

ಅತ್ತೆ ತಮ್ಮ ಸೋದರಮಾವನನ್ನೂ ಚಿಕ್ಕಮ್ಮನನ್ನೂ ನೋಡಿದರು. ರಿತೇಶ್ ತಲೆ ತಗ್ಗಿಸಿದ.

ನಳಿನಜ್ಜಿ ಅಣ್ಣನ ಪಂಚೆಯ ತುದಿ ಹಿಡಿದು ಎಳೆದರು.

"ಕೂರು ಅಣ್ಣ. ಹಿಂದಿನವರಿಗೆ ಕಾಣುವುದಿಲ್ಲ."

ಅವರು ಕೂತರು. ಎರಡು ಗಂಟೆಯ ಸಿನೆಮಾ ಪೂರ್ತಿ ಕೂತರು. ನಡುವೆ ಎದ್ದು ಹೋಗಲು ಒಮ್ಮೆ ನೋಡಿದರು, ಪಂಚೆಯ ತುದಿ ಇನ್ನೂ ತಂಗಿಯ ಮುಷ್ಟಿಯಲ್ಲೇ ಇತ್ತು.

ಹತ್ತು ದಿನ ಬಿಟ್ಟು ಡಾಕ್ಟರ ಹತ್ತಿರ ಹೋದೆವು. ಆ ದಿನ ನಳಿನಜ್ಜಿಗೆ ನನ್ನ ಹೆಸರು ಬರಲಿಲ್ಲ. ಸಿನೆಮಾ ನೋಡಿದ್ದು ನೆನಪುಂಟಾ ಎಂದು ಅತ್ತೆ ಕೇಳಿದರೆ, ಯಾವಾಗ ಎಂದರು. ಡಾಕ್ಟರು ಫೈಲು ತೆರೆದು, ಇಲ್ಲದ್ದು ಕಾಣುವುದು ಹೇಗುಂಟು ಈಗ, ಎಂದು ಕೇಳಿದರು.

ದೇವದಾಸಜ್ಜ ಮೊದಲು ಕೆಮ್ಮಿದರು.

"ಇಲ್ಲದ್ದು ಕಂಡದ್ದಿಲ್ಲ ಡಾಕ್ಟ್ರೇ. ಇತ್ತು ಅದು. ಇದ್ದದ್ದನ್ನು ಇಲ್ಲ ಎಂದವನು ನಾನು. ಹೋದ ಸಲ ಬರೆದದ್ದನ್ನು ಹೊಡೆದುಹಾಕಿ."

ಡಾಕ್ಟರು ಅವರನ್ನೂ ನನ್ನನ್ನೂ ನೋಡಿ, ಆ ಸಾಲುಗಳ ಮೇಲೆ ಒಂದು ಗೆರೆ ಎಳೆದರು.

ನಳಿನಜ್ಜಿ ಮೇಜಿನ ಮೇಲೆ ಬಾಗಿ ಪೆನ್ನನ್ನು ನೋಡುತ್ತಿದ್ದರು.

"ಇನ್ನೊಂದು ಸಾಲು ಉಂಟಲ್ಲ ಕೆಳಗೆ," ಎಂದರು. "ಅದನ್ನೂ."